ಸೆನ್ಸರ್ ಬದಲಿಸುವ ಮೊದಲು ವೈರ್ ನೋಡಿ: ಕ್ಲೈಮೇಟ್ ಕಂಟ್ರೋಲ್ ಅಧ್ಯಯನ ಟಿಪ್ಪಣಿ

ಆಟೋ ಎಸಿ ಇರುವ ಕಾರು. ಗ್ಯಾಸ್ ಸರಿಯಾಗಿದೆ, ಕಂಪ್ರೆಸರ್ ಚೆನ್ನಾಗಿದೆ. ಆದರೂ ಉರಿಬಿಸಿಲಲ್ಲಿ ಒಳಗೆ ಬೆಚ್ಚಗಿನ ಗಾಳಿ ಬರುತ್ತದೆ. ಇಂಥ ಕಾರುಗಳಲ್ಲಿ ಮೊದಲು ಉಷ್ಣತೆ ಅಳೆಯುವ ಸೆನ್ಸರ್ ಬದಲಾಗುತ್ತದೆ, ಆಮೇಲೆ ಎಸಿಯನ್ನು ನಡೆಸುವ ಕಂಟ್ರೋಲ್ ಮಾಡ್ಯೂಲ್ ಬದಲಾಗುತ್ತದೆ, ದೋಷ ಮಾತ್ರ ಹಾಗೇ ಉಳಿಯುತ್ತದೆ. ಎಷ್ಟೋ ಸಲ ಕಾರಣ ಇರುವುದು ಎರಡು ತೆಳ್ಳನೆಯ ವೈರುಗಳಲ್ಲಿ. ಈ ಟಿಪ್ಪಣಿಯಲ್ಲಿ ಒತ್ತಿ ಹೇಳಬೇಕಾದದ್ದು ಒಂದೇ: ರೀಡಿಂಗ್ ತಪ್ಪಾಗಿದೆ ಎಂದು ಗೊತ್ತಾದರೆ ಸಾಲದು, ಅದು ತಣ್ಣಗಿನ ಕಡೆಗೆ ತಪ್ಪಿದೆಯೋ ಬಿಸಿ ಕಡೆಗೆ ತಪ್ಪಿದೆಯೋ ನೋಡಬೇಕು. ವೈರಿಗೆ ಏನಾಗಿದೆ ಎಂಬುದರ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸರ್ಕ್ಯೂಟ್ ಕೆಲಸ ಮಾಡುವ ರೀತಿ

ಕ್ಯಾಬಿನ್, ಹೊರಗಿನ ಗಾಳಿ, ಇವಾಪೊರೇಟರ್ (ಒಳಗೆ ಬರುವ ಗಾಳಿಯನ್ನು ತಣಿಸುವ ಭಾಗ) – ಈ ಮೂರರ ಉಷ್ಣತೆ ಅಳೆಯಲು ಸಾಮಾನ್ಯವಾಗಿ ಇರುವುದು ಎನ್‌ಟಿಸಿ ಥರ್ಮಿಸ್ಟರ್. ತಣ್ಣಗಾದಷ್ಟೂ ಇದರ ರೆಸಿಸ್ಟೆನ್ಸ್ ಏರುತ್ತದೆ, ಬಿಸಿಯಾದಷ್ಟೂ ಇಳಿಯುತ್ತದೆ. ಮಾಡ್ಯೂಲ್ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ. ಸೆನ್ಸರಿನ ಇನ್ನೊಂದು ತುದಿ ಗ್ರೌಂಡಿಗೆ ಸೇರಿರುತ್ತದೆ. ನಡುವೆ ಉಳಿಯುವ ವೋಲ್ಟೇಜನ್ನು ಓದಿ ಮಾಡ್ಯೂಲ್ ಉಷ್ಣತೆ ಲೆಕ್ಕ ಹಾಕುತ್ತದೆ.

ಇಲ್ಲಿಂದ ಮುಂದಿನದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ವೈರ್ ತುಂಡಾದರೆ ರೆಸಿಸ್ಟೆನ್ಸಿಗೆ ಮಿತಿಯೇ ಇಲ್ಲ, ವೋಲ್ಟೇಜ್ 5ರ ಹತ್ತಿರ ಹೋಗುತ್ತದೆ, ಮಾಡ್ಯೂಲಿಗೆ ಅದು ಕಡು ಚಳಿಯಾಗಿ ಕಾಣುತ್ತದೆ. ಮಾಡ್ಯೂಲಿನ ಮಾಹಿತಿ ಓದುವ ಸ್ಕ್ಯಾನರಿನಲ್ಲಿ -40 ಡಿಗ್ರಿಯಂಥ ಅಂಕಿ ಬರುವುದು ಹೀಗೆ. ಸಿಗ್ನಲ್ ವೈರ್ ಗ್ರೌಂಡಿಗೆ ತಾಗಿದರೆ ವೋಲ್ಟೇಜ್ ಸೊನ್ನೆಗೆ ಇಳಿದು ವಿಪರೀತ ಬಿಸಿ ತೋರಿಸುತ್ತದೆ. ಮಾಡ್ಯೂಲ್ ದಾಖಲಿಸುವ ದೋಷದ ಕೋಡಿನಲ್ಲಿ ‘ಸರ್ಕ್ಯೂಟ್ ಹೈ’ ಎಂದಿದ್ದರೆ ಉಷ್ಣತೆ ಜಾಸ್ತಿ ಎಂದು ಓದಿಕೊಳ್ಳುವವರಿದ್ದಾರೆ. ಅಲ್ಲಿ ಜಾಸ್ತಿ ಆಗಿರುವುದು ವೋಲ್ಟೇಜ್. ಹೊರಗಿನ ಗಾಳಿಯ ಸೆನ್ಸರಿಗೆ ಪಿ0073 (ಸರ್ಕ್ಯೂಟ್ ಹೈ) ಬಂದರೆ ಓಪನ್, ಅಂದರೆ ತುಂಡಾದ ವೈರ್ ಹುಡುಕಿ, ಪಿ0072 (ಸರ್ಕ್ಯೂಟ್ ಲೋ) ಬಂದರೆ ಶಾರ್ಟ್, ಅಂದರೆ ಗ್ರೌಂಡಿಗೆ ತಾಗಿದ ವೈರ್ ಹುಡುಕಿ.

ಕಾರಿನಲ್ಲಿ ಇದರ ಪರಿಣಾಮ ಬೇರೆ ಬೇರೆ. ಹೊರಗಿನ ಸೆನ್ಸರಿನ ವೈರ್ ತುಂಡಾದರೆ ಹೊರಗೆ ಹಿಮ ಬೀಳುವಷ್ಟು ಚಳಿ ಇದೆ ಎಂದುಕೊಂಡು ಮಾಡ್ಯೂಲ್ ಕಂಪ್ರೆಸರನ್ನೇ ಹಾಕದಿರಬಹುದು. ಇವಾಪೊರೇಟರ್ ಸೆನ್ಸರ್ ಓಪನ್ ಆದರೂ ಅಷ್ಟೇ. ಅದೇ ಸೆನ್ಸರಿನ ರೀಡಿಂಗ್ ಬಿಸಿ ಕಡೆಗೆ ತಪ್ಪಿದರೆ ಕಂಪ್ರೆಸರ್ ನಿಲ್ಲಬೇಕಾದಾಗ ನಿಲ್ಲುವುದಿಲ್ಲ. ಇವಾಪೊರೇಟರ್ ಮೇಲೆ ಐಸ್ ಕಟ್ಟಿ ಗಾಳಿ ಕಡಿಮೆಯಾಗುತ್ತಾ ಹೋಗುತ್ತದೆ. ಎಸಿ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಐಸ್ ಕರಗಿ ಮತ್ತೆ ಸರಿಹೋಗುತ್ತದೆ.

ಕೋಡ್ ಬಾರದ ದೋಷ

ತುಂಡಾದ ವೈರ್ ಸುಲಭದ ಕೇಸು. ನಿಜವಾಗಿ ಕಾಡುವುದು ಕನೆಕ್ಟರಿನಲ್ಲಿ ಹಿಡಿದ ಹಸಿರು ಕಿಲುಬು. ಅದು ಸರ್ಕ್ಯೂಟನ್ನು ಕಡಿಯುವುದಿಲ್ಲ, ಸಾಲಿನಲ್ಲಿ ಒಂದಿಷ್ಟು ರೆಸಿಸ್ಟೆನ್ಸ್ ಸೇರಿಸುತ್ತದೆ. ವೋಲ್ಟೇಜ್ ಮಿತಿಯೊಳಗೇ ಇರುವುದರಿಂದ ಕೋಡ್ ಬರುವುದಿಲ್ಲ.

ಒಂದು ಲೆಕ್ಕ ನೋಡಿ. ಸುಲಭವಾಗಲಿ ಎಂದು ನಾನೇ ಆಯ್ದ ಅಂಕಿಗಳಿವು, ನಿಮ್ಮ ಕಾರಿನದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಮಾಡ್ಯೂಲಿನೊಳಗೆ 2 ಕಿಲೋಓಮ್, ಕ್ಯಾಬಿನ್ ಸೆನ್ಸರ್ 25 ಡಿಗ್ರಿಯಲ್ಲಿ 2 ಕಿಲೋಓಮ್. ಆಗ ಸಿಗ್ನಲ್ 2.5 ವೋಲ್ಟ್. ಕಿಲುಬು 1 ಕಿಲೋಓಮ್ ಸೇರಿಸಿತು ಎನ್ನಿ, ಸಿಗ್ನಲ್ 3 ವೋಲ್ಟ್ ಆಗುತ್ತದೆ. ಬೀಟಾ (ಉಷ್ಣತೆಯ ಜೊತೆ ರೆಸಿಸ್ಟೆನ್ಸ್ ಎಷ್ಟು ಬದಲಾಗುತ್ತದೆ ಎಂದು ಹೇಳುವ ಅಂಕಿ) 3500 ಇರುವ ಥರ್ಮಿಸ್ಟರಿಗೆ ಇದು ಸುಮಾರು 15 ಡಿಗ್ರಿ. ಅಂದರೆ 10 ಡಿಗ್ರಿ ವ್ಯತ್ಯಾಸ. ನೀವು 22ಕ್ಕೆ ಸೆಟ್ ಮಾಡಿದ್ದರೆ, 25 ಇರುವ ಕ್ಯಾಬಿನ್ನಿಗೆ ಮಾಡ್ಯೂಲ್ ಬಿಸಿ ಗಾಳಿ ಬೆರೆಸಲು ಶುರು ಮಾಡುತ್ತದೆ.

ಇನ್ನೂ ಮುಂದೆ ಹೋಗೋಣ. ಬಿಸಿಲಲ್ಲಿ ನಿಂತ ಕಾರಿನೊಳಗೆ 50 ಡಿಗ್ರಿ ಇದೆ. ಸೆನ್ಸರ್ ಈಗ ಸುಮಾರು 800 ಓಮ್. ಅದಕ್ಕೆ ಕಿಲುಬಿನ 1000 ಸೇರಿದರೆ 1800. ಮಾಡ್ಯೂಲಿಗೆ ಕಾಣುವುದು ಸುಮಾರು 28 ಡಿಗ್ರಿ! ಅದೇ ಕಿಲುಬು, ಆದರೆ ತಪ್ಪು 10ರಿಂದ 22 ಡಿಗ್ರಿಗೆ ಏರಿತು. ಬೆಳಿಗ್ಗೆ ಪರವಾಗಿಲ್ಲ ಎನಿಸಿದ ಎಸಿ ಮಧ್ಯಾಹ್ನ ಕೈಕೊಡುವುದಕ್ಕೆ ಇದೂ ಒಂದು ಕಾರಣ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ, ಆಮೇಲೆ ಮರೆಯುವುದಿಲ್ಲ.

ಕನೆಕ್ಟರಿಗೆ ನೀರು ನುಗ್ಗಿದರೆ ಕಥೆ ಉಲ್ಟಾ. ಎರಡು ಪಿನ್ನುಗಳ ನಡುವೆ ಕರೆಂಟ್ ಸೋರಿ, ಸೆನ್ಸರಿಗೆ ಪ್ಯಾರಲಲ್ ಆಗಿ ಇನ್ನೊಂದು ದಾರಿ ಹುಟ್ಟುತ್ತದೆ. ಒಟ್ಟು ರೆಸಿಸ್ಟೆನ್ಸ್ ಇಳಿದು ರೀಡಿಂಗ್ ಬಿಸಿ ಕಡೆಗೆ ಜಾರುತ್ತದೆ. ಸಾಲಿನಲ್ಲಿ ಸೇರಿದ್ದು ತಣ್ಣಗೆ ತೋರಿಸುತ್ತದೆ, ಪಕ್ಕದಲ್ಲಿ ಸೇರಿದ್ದು ಬಿಸಿ ತೋರಿಸುತ್ತದೆ.

ಪರೀಕ್ಷೆ ಮಾಡುವಾಗ

ಕಾರನ್ನು ರಾತ್ರಿಯಿಡೀ ನೆರಳಲ್ಲಿ ನಿಲ್ಲಿಸಿ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ, ಸ್ಕ್ಯಾನರಿನಲ್ಲಿ ಲೈವ್ ಡೇಟಾ ನೋಡಿ. ಕ್ಯಾಬಿನ್, ಹೊರಗಿನ ಗಾಳಿ, ಇವಾಪೊರೇಟರ್, ಕೂಲಂಟ್ ಎಲ್ಲವೂ ಹತ್ತಿರಹತ್ತಿರ ಇರಬೇಕು. ಒಂದು ಮಾತ್ರ ದೂರ ನಿಂತಿದ್ದರೆ ಅದನ್ನೇ ಹಿಡಿಯಿರಿ. ಎರಡು ಮೂರು ಒಟ್ಟಿಗೆ ಒಂದೇ ಕಡೆಗೆ ತಪ್ಪಿದ್ದರೆ ಅವುಗಳಿಗೆಲ್ಲ ಸೇರಿದ ಗ್ರೌಂಡ್ ವೈರಿನ ಮೇಲೆ ಅನುಮಾನಪಡಿ. ಸಾಧ್ಯವಿದ್ದರೆ ಡಿಗ್ರಿಯ ಜೊತೆ ವೋಲ್ಟೇಜನ್ನೂ ನೋಡಿ. ಕೆಲವು ಮಾಡ್ಯೂಲುಗಳು ದೋಷ ಕಂಡ ಕೂಡಲೇ ಒಂದು ಬದಲಿ ಅಂಕಿ ಇಟ್ಟುಕೊಂಡು ಕೆಲಸ ನಡೆಸುತ್ತವೆ, ಡಿಗ್ರಿ ಸರಿಯಿರುವಂತೆ ಕಾಣುತ್ತದೆ.

ಮುಂದೆ ಎರಡು ವೈರಿನ ಸೆನ್ಸರಿನ ಕನೆಕ್ಟರ್ ಬಿಚ್ಚಿ. ರೀಡಿಂಗ್ ಕೆಳಗಿನ ತುದಿಗೆ ಹೋಗಬೇಕು. ಹೋಗದೆ ಬಿಸಿಯಲ್ಲೇ ನಿಂತರೆ ಹಾರ್ನೆಸ್‌ನಲ್ಲಿ (ಕಾರಿನ ವೈರುಗಳ ಕಟ್ಟಿನಲ್ಲಿ) ಶಾರ್ಟ್ ಇದೆ. ಈಗ ಹಾರ್ನೆಸ್ ಕಡೆಯ ಎರಡು ಟರ್ಮಿನಲ್ಲುಗಳನ್ನು ಫ್ಯೂಸ್ ಇರುವ ಜಂಪರ್ ವೈರಿನಿಂದ ಸೇರಿಸಿ. ಅದಕ್ಕೆ ಮೊದಲು ಅಲ್ಲಿರುವುದು 5 ವೋಲ್ಟೇ, 12 ಅಲ್ಲ ಎಂದು ಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ. ರೀಡಿಂಗ್ ಮೇಲಿನ ತುದಿಗೆ ಹಾರಿದರೆ ವೈರ್, ಮಾಡ್ಯೂಲ್ ಎರಡೂ ಹೆಚ್ಚುಕಡಿಮೆ ಸರಿ. ಸೆನ್ಸರನ್ನೂ ಪಿನ್ನುಗಳನ್ನೂ ನೋಡಿ. ಹಾರದಿದ್ದರೆ ಸಿಗ್ನಲ್ ಟರ್ಮಿನಲನ್ನು ಬಾಡಿ ಗ್ರೌಂಡಿಗೆ ಸೇರಿಸಿ ನೋಡಿ. ಈಗ ಹಾರಿತು ಅಂದರೆ ತುಂಡಾಗಿರುವುದು ಗ್ರೌಂಡ್ ವೈರ್. ಮೂರು ವೈರಿನ ಪ್ರೆಷರ್ ಸೆನ್ಸರಿಗೆ ಈ ಜಂಪರ್ ಪರೀಕ್ಷೆ ಮಾಡಲೇಬೇಡಿ.

ಹೊರಗಿನ ಉಷ್ಣತೆಗೆ ಮಾತ್ರ ಡ್ಯಾಶ್‌ಬೋರ್ಡಿನ ಅಂಕಿಯನ್ನು ನಂಬಬೇಡಿ. ಎಂಜಿನ್ ಬಿಸಿ ತಾಗಿ ಸುಳ್ಳು ಅಂಕಿ ಬರದಿರಲಿ ಎಂದು ಅನೇಕ ಕಾರುಗಳು ನಿಂತಲ್ಲಿ ಅದನ್ನು ಬೇಗ ಬದಲಿಸುವುದಿಲ್ಲ. ಕ್ಯಾಬಿನ್ ಸೆನ್ಸರಿನಲ್ಲೂ ವೈರಿಗೆ ಸಂಬಂಧವಿಲ್ಲದ ಒಂದು ಕಾರಣ ಇರುತ್ತದೆ: ಅದರ ಮೇಲೆ ಗಾಳಿ ಹರಿಸುವ ಸಣ್ಣ ಫ್ಯಾನ್ ನಿಂತಿರಬಹುದು, ಇಲ್ಲವೇ ಪೈಪ್ ಕಳಚಿರಬಹುದು.

ಬಿಟ್ಟುಬಿಟ್ಟು ಬರುವ ದೋಷಕ್ಕೆ ಮೀಟರಿನ ಕಂಟಿನ್ಯುಯಿಟಿ ಬೀಪ್ (ವೈರ್ ತುಂಡಾಗಿಲ್ಲ ಎಂದು ಹೇಳುವ ಸದ್ದು) ಸಾಲದು. ಒಂದೇ ಎಳೆ ಉಳಿದ ವೈರ್ ಕೂಡ ಬೀಪ್ ಕೊಡುತ್ತದೆ. ಮೀಟರನ್ನು ಮಿನ್-ಮ್ಯಾಕ್ಸ್‌ಗೆ (ಕಂಡ ಅತಿ ಕಡಿಮೆ, ಅತಿ ಹೆಚ್ಚು ಅಂಕಿಗಳನ್ನು ಹಿಡಿದಿಡುವ ಮೋಡ್) ಇಟ್ಟು, ಹಾರ್ನೆಸ್ಸನ್ನು ಗೇಣುಗೇಣಾಗಿ ಅಲುಗಾಡಿಸುತ್ತಾ ಹೋಗಿ. ಬಂಪರ್ ಬಿಚ್ಚಿ ಹಾಕಿದ ಕಾರಾದರೆ ಮುಂಭಾಗದಿಂದ, ಹೊಸ ಸ್ಟೀರಿಯೋ ಹಾಕಿದ್ದರೆ ಡ್ಯಾಶ್‌ಬೋರ್ಡ್ ಹಿಂದಿನಿಂದ ಶುರು ಮಾಡಿ. ಇಲಿ ಕಚ್ಚಿದ ಗುರುತೂ ನೋಡಿ. ಪ್ರೋಬನ್ನು ಕನೆಕ್ಟರಿನ ಹಿಂದಿನಿಂದ ತೂರಿಸಿ. ವೈರಿನ ಹೊದಿಕೆ ಚುಚ್ಚಿದರೆ ಅದೇ ತೂತಿನಿಂದ ಮುಂದೆ ನೀರು ಇಳಿದು ಕಿಲುಬು ಹಿಡಿಯುತ್ತದೆ.

ತುಂಡಾದಲ್ಲಿ ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಸರಿಯಾಗಿ ಕ್ರಿಂಪ್ ಅಥವಾ ಸೋಲ್ಡರ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಕಿಲುಬು ತಿಂದ ಟರ್ಮಿನಲ್ ಇದ್ದರೆ ಕ್ಲೀನ್ ಮಾಡಿ ಬಿಡುವುದಕ್ಕಿಂತ ಟರ್ಮಿನಲನ್ನೇ ಬದಲಿಸುವುದು ಒಳ್ಳೆಯದು. ಕೋಡ್ ಅಳಿಸಿ, ಮರುದಿನ ಬೆಳಿಗ್ಗೆ ಮತ್ತೆ ಎಲ್ಲ ಸೆನ್ಸರುಗಳ ಅಂಕಿಗಳನ್ನು ಹೋಲಿಸಿ ನೋಡಿ.