ನಂಬರ್ ಒನ್ ಹಾಡು ಯಾವುದು? ಅದು ಎಣಿಸುವವರ ಕೈಯಲ್ಲಿದೆ

2012ರ ಕೊನೆಯಲ್ಲಿ ಜಗತ್ತಿನ ಅತಿ ದೊಡ್ಡ ಹಾಡು ಯಾವುದು ಅಂತ ಯಾರನ್ನು ಕೇಳಿದ್ದರೂ ಒಂದೇ ಉತ್ತರ ಬರುತ್ತಿತ್ತು: ಗಂಗ್ನಮ್ ಸ್ಟೈಲ್. ಕೊರಿಯನ್ ಭಾಷೆಯ ಒಂದಕ್ಷರ ಗೊತ್ತಿಲ್ಲದ ನಮ್ಮ ಮದುವೆ ಮನೆಗಳಲ್ಲೂ ಜನ ಆ ಕುದುರೆ ಸವಾರಿ ಸ್ಟೆಪ್ ಹಾಕಿದರು. ಯೂಟ್ಯೂಬ್‌ನಲ್ಲಿ 100 ಕೋಟಿ ವ್ಯೂಸ್ ದಾಟಿದ ಮೊದಲ ವಿಡಿಯೊ ಅದು. ಆದರೂ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರವಾರ ಪ್ರಕಟಿಸುವ ಜನಪ್ರಿಯ ಹಾಡುಗಳ ಪಟ್ಟಿ ಹಾಟ್ 100ರಲ್ಲಿ ಒಂದೇ ಒಂದು ವಾರವೂ ನಂಬರ್ ಒನ್ ಆಗಲಿಲ್ಲ. ಏಳು ವಾರ ಎರಡನೇ ಸ್ಥಾನದಲ್ಲೇ ಕೂತಿತ್ತು. ಮೇಲೆ ಜಾಗ ಬಿಡದೆ ಇದ್ದದ್ದು ಮರೂನ್ 5 ತಂಡದ ಒನ್ ಮೋರ್ ನೈಟ್. ಇವತ್ತು ಅದನ್ನು ಗುನುಗುವವರು ಎಷ್ಟು ಜನ ಸಿಗುತ್ತಾರೋ ನೀವೇ ಹೇಳಿ.

ಕಾರಣ ಇಷ್ಟೇ. ಆಗ ಯೂಟ್ಯೂಬ್ ವ್ಯೂಸ್ ಲೆಕ್ಕಕ್ಕೇ ಇರಲಿಲ್ಲ. ರೇಡಿಯೊ ಮತ್ತು ಮಾರಾಟದ ತೂಕವೇ ಜಾಸ್ತಿ, ರೇಡಿಯೊದಲ್ಲಿ ಮರೂನ್ 5 ಬಹಳ ಮುಂದಿತ್ತು. 2013ರ ಫೆಬ್ರವರಿಯಲ್ಲಿ ಬಿಲ್‌ಬೋರ್ಡ್ ಯೂಟ್ಯೂಬನ್ನೂ ಲೆಕ್ಕಕ್ಕೆ ಸೇರಿಸಿತು. ಸೇರಿಸಿದ ವಾರವೇ ಹಾರ್ಲೆಮ್ ಶೇಕ್ ಎಂಬ ಹಾಡು ನೇರವಾಗಿ ನಂಬರ್ ಒನ್‌ಗೆ ಬಂದು ಇಳಿಯಿತು. ತಿಂಗಳುಗಟ್ಟಲೆ ಹಿಂದೆ ಬಿಡುಗಡೆಯಾಗಿದ್ದ ಹಾಡದು. ವ್ಯೂಸ್ ಬಂದದ್ದು ಮೂಲ ಹಾಡಿಗಿಂತ ಜಾಸ್ತಿ, ಅದರ ಮೂವತ್ತು ಸೆಕೆಂಡ್ ತುಂಡು ಹಾಕಿಕೊಂಡು ಆಫೀಸು, ಹಾಸ್ಟೆಲುಗಳಲ್ಲಿ ಜನ ಹುಚ್ಚುಚ್ಚಾಗಿ ಕುಣಿದ ವಿಡಿಯೊಗಳಿಗೆ! ನಿಯಮ ಆರು ತಿಂಗಳು ಮೊದಲು ಬದಲಾಗಿದ್ದರೆ ಗಂಗ್ನಮ್ ಸ್ಟೈಲ್ ಚರಿತ್ರೆಯೇ ಬೇರೆ ಇರುತ್ತಿತ್ತು.

ಚಾರ್ಟುಗಳ ಹಿಂದೆ ಬಿದ್ದವರಿಗೆ ಇದು ಹೊಸ ಕಥೆಯೇನಲ್ಲ. ಯಾವ ಹಾಡು ಮೇಲೆ ಬಂತು ಅನ್ನುವುದಕ್ಕಿಂತ, ಆ ವರ್ಷ ಏನನ್ನು ಎಣಿಸುತ್ತಿದ್ದರು ಅನ್ನುವುದೇ ನನಗೆ ಯಾವಾಗಲೂ ಜಾಸ್ತಿ ಮಜಾ ಕೊಡುವ ವಿಷಯ.

ಶುರುವಿನಲ್ಲಿ ಲೆಕ್ಕ ಎಷ್ಟು ಸಡಿಲ ಇತ್ತು ಅಂದರೆ, ಬ್ರಿಟನ್ನಿನ ಮೊದಲ ಸಿಂಗಲ್ಸ್ (ಇಡೀ ಆಲ್ಬಂ ಅಲ್ಲದೆ ಬಿಡಿಯಾಗಿ ಮಾರುವ ಹಾಡಿನ ರೆಕಾರ್ಡು) ಪಟ್ಟಿ ಹುಟ್ಟಿದ್ದು ಫೋನ್ ಕರೆಗಳಿಂದ. 1952ರಲ್ಲಿ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆಯ ಪರ್ಸಿ ಡಿಕಿನ್ಸ್ ಸುಮಾರು ಇಪ್ಪತ್ತು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಯಾವುದು ಚೆನ್ನಾಗಿ ಹೋಯ್ತು ಅಂತ ಕೇಳಿ, ಉತ್ತರಗಳನ್ನು ಕೂಡಿಸಿ ಹನ್ನೆರಡು ಸ್ಥಾನಗಳ ಪಟ್ಟಿ ಮಾಡಿದ. ಆತ ನೋಡಿಕೊಳ್ಳುತ್ತಿದ್ದದ್ದು ಪತ್ರಿಕೆಯ ಜಾಹೀರಾತನ್ನು ಅನ್ನುವುದನ್ನು ಮರೆಯಬೇಡಿ. ನವೆಂಬರ್ 14ರ ಆ ಮೊದಲ ಪಟ್ಟಿಯ ತುದಿಯಲ್ಲಿದ್ದದ್ದು ಗಾಯಕ ಅಲ್ ಮಾರ್ಟಿನೊ.

ಅದಾದ ಮೂರೇ ವಾರಕ್ಕೆ, ಡಿಸೆಂಬರ್ 3ಕ್ಕೆ, ರೇಡಿಯೊ ಸಿಲೋನ್‌ನಲ್ಲಿ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಶುರುವಾಯಿತು. ಇಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರ ಇಟ್ಟಿತ್ತು, ಮಂತ್ರಿ ಬಿ.ವಿ. ಕೇಸ್ಕರ್ ಅವರಿಗೆ ಅವು ಕೀಳು ಅಭಿರುಚಿ ಅನ್ನಿಸಿದ್ದವು. ಹೀಗಾಗಿ ಭಾರತದವರೆಲ್ಲ ಕೊಲಂಬೊ ಕಡೆ ಕಿವಿ ತಿರುಗಿಸಿದರು. ಒಂದು ಟೂತ್‌ಪೇಸ್ಟ್ ಕಂಪನಿಯ ದುಡ್ಡಲ್ಲಿ ನಡೆದ ಕಾರ್ಯಕ್ರಮ, ಅಮೀನ್ ಸಯಾನಿಯವರ ದನಿ, ಬುಧವಾರದ ರಾತ್ರಿ. ಮೊದಮೊದಲು ಕೇಳುಗರ ಪತ್ರಗಳದ್ದೇ ದರ್ಬಾರು. ಆದರೆ ಪತ್ರ ಬರೆಯುವುದಕ್ಕೆ ಏನು ಕಷ್ಟ, ಒಬ್ಬನೇ ನೂರು ಬರೆದು ಹಾಕಬಹುದು ಅಲ್ವಾ? ಆಮೇಲೆ ಅಂಗಡಿಗಳ ರೆಕಾರ್ಡ್ ಮಾರಾಟ, ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯ ಎಲ್ಲ ಸೇರಿಸಿ ಹಾಡುಗಳನ್ನು ಮೆಟ್ಟಿಲು ಹತ್ತಿಸತೊಡಗಿದರು.

ಅಮೆರಿಕದಲ್ಲಿ ಹಾಟ್ 100 ಬಂದದ್ದು 1958ರ ಆಗಸ್ಟ್ 4ಕ್ಕೆ. ಮಾರಾಟ ಮತ್ತು ರೇಡಿಯೊ ಪ್ರಸಾರ ಎರಡನ್ನೂ ಒಂದೇ ಪಟ್ಟಿಗೆ ತಂದದ್ದು ಅದರ ವಿಶೇಷ. ಆದರೆ ವಿಧಾನ? ಅದೇ ಫೋನು, ಅದೇ ಬಾಯಿಮಾತು. ಅಂಗಡಿಯವನು ಇಷ್ಟು ರೆಕಾರ್ಡ್ ಮಾರಿದೆ ಅಂತ ಹೇಳಬೇಕಿರಲಿಲ್ಲ, ಯಾವುದು ಮೊದಲು, ಯಾವುದು ಎರಡನೆಯದು ಅಂತ ಹೇಳಿದರೆ ಸಾಕಿತ್ತು. ಇಲ್ಲೇ ಎಡವಟ್ಟು. ಕೌಂಟರಿನಲ್ಲಿ ಕೂತ ಹುಡುಗನಿಗೆ ರಾಕ್ ಇಷ್ಟವಾದರೆ ರಾಕ್ ಮೇಲೆ ಹೋಗುತ್ತಿತ್ತು. ಕಂಪನಿಯವರು ಪುಕ್ಕಟೆ ರೆಕಾರ್ಡ್ ಪೆಟ್ಟಿಗೆಯನ್ನೋ ಷೋ ಟಿಕೆಟ್ಟುಗಳನ್ನೋ ಕೊಟ್ಟು ಹೋದರೆ ಅವರದ್ದು ಮೇಲೆ ಹೋಗುತ್ತಿತ್ತು. ಕೆಲವು ರೇಡಿಯೊ ಸ್ಟೇಷನ್‌ಗಳಂತೂ ಒಂದು ಸಲವೂ ಹಾಕದ ಹಾಡನ್ನು ಹಾಕಿದ್ದೇವೆ ಅಂತ ವರದಿ ಕಳಿಸುತ್ತಿದ್ದವು. ಇನ್ನೊಂದು ಸೂಕ್ಷ್ಮ ಇದೆ. ಮನುಷ್ಯನಿಗೆ ಬೇಜಾರಾಗುತ್ತದೆ. ಹತ್ತು ವಾರ ಒಂದೇ ಹಾಡಿನ ಹೆಸರು ಹೇಳಿ ಹೇಳಿ ಸಾಕಾಗಿ, ಹಾಡು ಇನ್ನೂ ಮಾರಾಟವಾಗುತ್ತಿದ್ದರೂ ಅಂಗಡಿಯವನು ಹೊಸದರ ಹೆಸರು ಹೇಳುತ್ತಿದ್ದ.

ಇದೆಲ್ಲ ಬಿದ್ದದ್ದು 1991ರಲ್ಲಿ. ಮೈಕ್ ಫೈನ್, ಮೈಕ್ ಶಾಲೆಟ್ ಎಂಬಿಬ್ಬರು ಕಟ್ಟಿದ ಸೌಂಡ್‌ಸ್ಕ್ಯಾನ್, ಅಂಗಡಿಯ ಬಾರ್‌ಕೋಡ್ ಯಂತ್ರದಿಂದಲೇ ಮಾರಾಟದ ಲೆಕ್ಕ ತೆಗೆಯತೊಡಗಿತು. ಅತ್ತ ಕಂಪ್ಯೂಟರುಗಳು ರೇಡಿಯೊ ಕೇಳಿ ಯಾವ ಹಾಡು ಎಷ್ಟು ಸಲ ಬಂತು ಅಂತ ಗುರುತು ಹಿಡಿಯತೊಡಗಿದವು. ಮೇ ತಿಂಗಳಲ್ಲಿ ಆಲ್ಬಂ ಪಟ್ಟಿ ಬದಲಾಯಿತು, ನವೆಂಬರ್ ಕೊನೆಗೆ ಹಾಟ್ 100.

ಪರಿಣಾಮ ನೋಡಿ. ಕೆಲವೇ ವಾರಗಳಲ್ಲಿ ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡದ ಆಲ್ಬಂ ನಂಬರ್ ಒನ್. ರೇಡಿಯೊದವರು ಮುಟ್ಟಲೂ ಹೆದರುತ್ತಿದ್ದ ತಂಡ ಅದು. ಸೆಪ್ಟೆಂಬರ್‌ನಲ್ಲಿ ಹಳ್ಳಿಗಾಡಿನ ಹಾಡು ಅಂತ ನಗರದ ಅಂಗಡಿಯವರು ಮೂಗು ಮುರಿಯುತ್ತಿದ್ದ ಕಂಟ್ರಿ ಸಂಗೀತದ ಗಾರ್ತ್ ಬ್ರೂಕ್ಸ್ ಮೊದಲ ವಾರವೇ ತುದಿಗೆ. ಜನವರಿಯಲ್ಲಿ ನಿರ್ವಾಣ ತಂಡ ಮೈಕಲ್ ಜಾಕ್ಸನ್‌ನನ್ನೇ ಕೆಳಗಿಳಿಸಿತು. ಅಮೆರಿಕನ್ನರ ಅಭಿರುಚಿ ರಾತ್ರೋರಾತ್ರಿ ಬದಲಾಯಿತು ಅಂತ ಆಗ ಬರೆದವರಿದ್ದಾರೆ. ರ‍್ಯಾಪ್, ಕಂಟ್ರಿ ಕೇಳುಗರು ಮೊದಲಿಂದಲೂ ಇದ್ದರು, ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ ಅಷ್ಟೇ. ಹಾಡುಗಳು ತುದಿಯಲ್ಲಿ ಕೂರುವ ಅವಧಿಯೂ ಉದ್ದವಾಯಿತು. 1956ರಲ್ಲಿ, ಹಾಟ್ 100 ಹುಟ್ಟುವ ಮೊದಲಿನ ಬಿಲ್‌ಬೋರ್ಡ್ ಪಟ್ಟಿಯಲ್ಲಿ, ಎಲ್ವಿಸ್ ಪ್ರೀಸ್ಲಿ 11 ವಾರ ತುದಿಯಲ್ಲಿದ್ದ. 1992ರಲ್ಲಿ ಬಾಯ್ಝ್ ಟು ಮೆನ್ 13 ವಾರ, ಬೆನ್ನಿಗೇ ವಿಟ್ನಿ ಹ್ಯೂಸ್ಟನ್ 14 ವಾರ, 1995-96ರಲ್ಲಿ ಮರಾಯಾ ಕೆರಿ ಮತ್ತು ಬಾಯ್ಝ್ ಟು ಮೆನ್ ಜೊತೆಯಾಗಿ 16 ವಾರ. ಯಂತ್ರಕ್ಕೆ ಬೇಜಾರಾಗುವುದಿಲ್ಲವಲ್ಲ.

ಲೆಕ್ಕ ಸರಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಕಂಪನಿಗಳು ಹೊಸ ದಾರಿ ಹುಡುಕಿದವು. ಒಂದು ಹಾಡಿನ ಸಿಂಗಲ್ ಅನ್ನು ಅಗ್ಗಕ್ಕೆ ಮಾರುವುದಕ್ಕಿಂತ, ಸಿಂಗಲ್ಲೇ ಬಿಡದಿದ್ದರೆ ಜನ ಇಡೀ ಸಿಡಿ ಕೊಳ್ಳುತ್ತಾರೆ ಅನ್ನುವ ಲೆಕ್ಕಾಚಾರ ಅವರದ್ದು. ಆದರೆ ಹಾಟ್ 100ಕ್ಕೆ ಬರಬೇಕಾದರೆ ಆ ಹಾಡು ಅಂಗಡಿಯಲ್ಲಿ ಸಿಂಗಲ್ ಆಗಿ ಸಿಗಲೇಬೇಕು ಅನ್ನುವುದು ನಿಯಮ. ಫಲ ಏನಾಯ್ತು? ನೋ ಡೌಟ್ ತಂಡದ ಡೋಂಟ್ ಸ್ಪೀಕ್ ರೇಡಿಯೊ ಪಟ್ಟಿಯಲ್ಲಿ 16 ವಾರ ನಂಬರ್ ಒನ್ ಆಗಿತ್ತು, ಹಾಟ್ 100ರಲ್ಲಿ ನೂರನೇ ಸ್ಥಾನವೂ ಇಲ್ಲ! ದಶಕದ ದೊಡ್ಡ ಹಿಟ್‌ಗಳಲ್ಲೊಂದು ಅಧಿಕೃತ ಪಟ್ಟಿಯ ಪ್ರಕಾರ ಹುಟ್ಟೇ ಇರಲಿಲ್ಲ. 1998ರ ಡಿಸೆಂಬರ್‌ನಲ್ಲಿ ಬಿಲ್‌ಬೋರ್ಡ್ ಸೋತು ಆ ನಿಯಮ ಕೈಬಿಟ್ಟಿತು. ಮರಾಯಾ ಕೆರಿಯ 1994ರ ಕ್ರಿಸ್‌ಮಸ್ ಹಾಡಿಗೂ ಶುರುವಿನಲ್ಲಿ ಇದೇ ಗತಿ. ಅದು ನಂಬರ್ ಒನ್ ಆದದ್ದು 25 ವರ್ಷದ ಮೇಲೆ, 2019ರಲ್ಲಿ. ಡಿಸೆಂಬರ್ ಬಂತೆಂದರೆ ಜನ ಮನೆಯಲ್ಲಿ ಹಾಕಿಕೊಂಡು ಕೇಳುವುದೂ ಸ್ಟ್ರೀಮಿಂಗ್ ಅಂತ ಎಣಿಕೆಗೆ ಸೇರಿದ ಮೇಲೆ.

2003ರಲ್ಲಿ ಐಟ್ಯೂನ್ಸ್ ಅಂಗಡಿ ತೆರೆಯಿತು, 2005ರಲ್ಲಿ ಡೌನ್‌ಲೋಡ್‌ಗಳು ಹಾಟ್ 100ರ ಲೆಕ್ಕಕ್ಕೆ ಬಂದವು. ಆಗ ಪಟ್ಟಿ ಹುಚ್ಚು ಕುದುರೆಯಾಯಿತು. 2009ರಲ್ಲಿ ಕೆಲ್ಲಿ ಕ್ಲಾರ್ಕ್‌ಸನ್ ಹಾಡೊಂದು ಒಂದೇ ವಾರದಲ್ಲಿ 97ರಿಂದ 1ಕ್ಕೆ ನೆಗೆಯಿತು.

ಸ್ಟ್ರೀಮಿಂಗ್ ಬಂದ ಮೇಲಿನ ಬದಲಾವಣೆ ಇನ್ನೂ ಆಳದ್ದು. ಮೊದಲು ಒಂದು ಹಾಡನ್ನು ಕೊಂಡರೆ ಒಂದು ಸಲ ಲೆಕ್ಕ. ನೀವು ಅದನ್ನು ಮನೆಯಲ್ಲಿ ಸಾವಿರ ಸಲ ಕೇಳಿದರೂ, ಒಮ್ಮೆಯೂ ಕೇಳದೆ ಕಪಾಟಿನಲ್ಲಿಟ್ಟರೂ ಚಾರ್ಟಿಗೆ ಗೊತ್ತಾಗುತ್ತಿರಲಿಲ್ಲ. ಈಗ ಪ್ರತಿ ಸಲ ಕೇಳಿದ್ದೂ ಲೆಕ್ಕ. ದೊಡ್ಡ ಕಲಾವಿದರ ಆಲ್ಬಂ ಬಂದ ದಿನ ಅಭಿಮಾನಿಗಳು ಮೊದಲಿಂದ ಕೊನೆವರೆಗೆ ಕೇಳುತ್ತಾರೆ, ಅಷ್ಟೂ ಹಾಡು ಪಟ್ಟಿಗೆ ನುಗ್ಗುತ್ತವೆ. 1964ರ ಏಪ್ರಿಲ್‌ನಲ್ಲಿ ಬೀಟಲ್ಸ್ ಮೊದಲ ಐದೂ ಸ್ಥಾನ ಹಿಡಿದದ್ದು ದಂತಕಥೆ. ಜನ ಒಂದೊಂದು ರೆಕಾರ್ಡಿಗೂ ಬೇರೆಬೇರೆ ದುಡ್ಡು ಕೊಟ್ಟಿದ್ದರು. 2018ರಲ್ಲಿ ಡ್ರೇಕ್ ಮೊದಲ ಹತ್ತರಲ್ಲಿ ಏಳು, 2022ರಲ್ಲಿ ಟೇಲರ್ ಸ್ವಿಫ್ಟ್ ಹತ್ತಕ್ಕೆ ಹತ್ತೂ ಹಿಡಿದರು. ದೊಡ್ಡ ಸಾಧನೆಯೇ, ಆದರೆ ಬೀಟಲ್ಸ್ ಪಕ್ಕದಲ್ಲಿಟ್ಟು ತೂಗುವುದು ನನಗೆ ಸರಿ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ 2017ರಲ್ಲಿ ಎಡ್ ಶೀರನ್‌ನ 16 ಹಾಡುಗಳು ಮೊದಲ ಇಪ್ಪತ್ತರೊಳಗೆ ಬಂದಾಗ ಅಲ್ಲಿಯವರು ಸುಮ್ನೆ ಕೂರಲಿಲ್ಲ, ಒಬ್ಬ ಮುಖ್ಯ ಕಲಾವಿದನಿಗೆ ಮೂರೇ ಹಾಡು ಅಂತ ಮಿತಿ ಹಾಕಿದರು.

ಅಭಿಮಾನಿಗಳೂ ನಿಯಮ ಓದಿಕೊಂಡೇ ಆಟಕ್ಕಿಳಿದರು. ಕೊರಿಯಾದ ಬಿಟಿಎಸ್ ತಂಡದ ಬಟರ್ ಹಾಡು 2021ರಲ್ಲಿ ಹತ್ತು ವಾರ ನಂಬರ್ ಒನ್ ಆದಾಗ, ಅದಕ್ಕೆ ಮುಖ್ಯ ಬಲ ಡೌನ್‌ಲೋಡ್ ಖರೀದಿ. ಹಾಡಿನ ಬೇರೆಬೇರೆ ರೂಪಗಳನ್ನು ಪಟ್ಟಾಗಿ ಕೊಂಡರು. ಮುಂದಿನ ಜನವರಿಯಿಂದ ಬಿಲ್‌ಬೋರ್ಡ್, ಒಬ್ಬ ಗ್ರಾಹಕ ವಾರಕ್ಕೆ ಒಂದು ಡೌನ್‌ಲೋಡ್ ಕೊಂಡದ್ದು ಮಾತ್ರ ಲೆಕ್ಕ ಅಂತ ನಿಯಮ ಬಿಗಿ ಮಾಡಿತು. ಹೊಸ ಸಿನಿಮಾ ಹಾಡು ಬಂದ ರಾತ್ರಿ ನಮ್ಮ ಸ್ಟಾರ್‌ಗಳ ಅಭಿಮಾನಿಗಳು ವ್ಯೂಸ್ ಏರಿಸೋಕೆ ನಿದ್ದೆಗೆಡುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯ ಏನೂ ಇರಲಾರದು. ಅಂಗಡಿಯ ಹುಡುಗನಿಗೆ ಟಿಕೆಟ್ ಕೊಡುತ್ತಿದ್ದ ಕಂಪನಿಗಿಂತ ಸ್ವಂತ ದುಡ್ಡು ಹಾಕುವ ಅಭಿಮಾನಿ ಎಷ್ಟೋ ವಾಸಿ ಅನ್ನುವುದು ನನ್ನ ಲೆಕ್ಕ.

2024ರಲ್ಲಿ ಇದೇ ಹಾಟ್ 100ಕ್ಕೆ ಬೆಂಗಳೂರಿನಲ್ಲಿ ಬೆಳೆದುಬಂದ ರ‍್ಯಾಪ್ ಒಂದು ಹತ್ತಿತು. ಹನುಮಾನ್‌ಕೈಂಡ್ ಹುಟ್ಟಿದ್ದು ಕೇರಳದಲ್ಲಿ, ಬಾಲ್ಯದ ಬಹುಪಾಲು ಕಳೆದದ್ದು ಅಮೆರಿಕದ ಹ್ಯೂಸ್ಟನ್‌ನಲ್ಲಿ, ರ‍್ಯಾಪರ್ ಆಗಿ ಹೆಸರು ಮಾಡಿದ್ದು ಬೆಂಗಳೂರಿನ ಸಣ್ಣಪುಟ್ಟ ವೇದಿಕೆಗಳಲ್ಲಿ. ಸಂಗೀತ ಕಟ್ಟುವ ಕಲ್ಮಿ ಜೊತೆ ಮಾಡಿದ ಬಿಗ್ ಡಾಗ್ಸ್ ಹಾಡಿನ ವಿಡಿಯೊವನ್ನು ಜಾತ್ರೆಗಳಲ್ಲಿ ಬರುವ ಸಾವಿನ ಬಾವಿಯೊಳಗೆ ತೆಗೆದಿದ್ದಾರೆ. ಗೋಡೆಯ ಮೇಲೆ ಬೈಕು, ಕಾರು ಸುತ್ತುತ್ತಿದ್ದರೆ ಆತ ನಡುವೆ ನಿಂತು ಹಾಡುತ್ತಾನೆ. ಅಮೆರಿಕದ ರೇಡಿಯೊ ಅದನ್ನು ತಲೆ ಮೇಲೆ ಹೊತ್ತು ಮೆರೆಸಲಿಲ್ಲ. ಜನ ಫೋನಿನಲ್ಲಿ ನೋಡಿದರು, ಕೇಳಿದರು, ರೀಲ್ಸ್ ಮಾಡಿ ಹಂಚಿದರು, ಹಾಡು 23ನೇ ಸ್ಥಾನದವರೆಗೆ ಹೋಯಿತು. 1997ರ ನಿಯಮವೇ ಇದ್ದಿದ್ದರೆ, ಅಮೆರಿಕದ ಅಂಗಡಿಯಲ್ಲಿ ಸಿಂಗಲ್ ಇಟ್ಟು ಮಾರದ ಈ ಹಾಡಿಗೆ ಪಟ್ಟಿಯ ಬಾಗಿಲೇ ತೆರೆಯುತ್ತಿರಲಿಲ್ಲ.