ಮನೆ ಜಗಳವನ್ನೇ ಟಿವಿಗೆ ತಂದವರು

ಬಸುರಿ ಅನ್ನೋ ಮಾತನ್ನು ನೇರವಾಗಿ ಆಡದೆ ನಮ್ಮ ಹಿರಿಯರು ಈಗಲೂ 'ಏನಮ್ಮಾ, ವಿಶೇಷಾನಾ?' ಅಂತ ಕೇಳುತ್ತಾರಲ್ಲ, 1952ರ ಅಮೆರಿಕದ ಟಿವಿಯೂ ಹೆಚ್ಚುಕಮ್ಮಿ ಹಾಗೇ ಇತ್ತು. 'ಐ ಲವ್ ಲೂಸಿ' ಅನ್ನೋ ಹಾಸ್ಯ ಧಾರಾವಾಹಿಯ ನಾಯಕಿ ಲೂಸಿಲ್ ಬಾಲ್ ನಿಜವಾಗಲೂ ಬಸುರಿಯಾದರು, ಹಾಗಾಗಿ ಕಥೆಯಲ್ಲೂ ಬಸುರಿಯಾದರು. ಆದರೆ 'ಪ್ರೆಗ್ನೆಂಟ್' ಅನ್ನುವಂತಿರಲಿಲ್ಲ. 'ಎಕ್ಸ್‌ಪೆಕ್ಟಿಂಗ್' ಅನ್ನಬೇಕಿತ್ತು. ಸ್ಕ್ರಿಪ್ಟನ್ನು ಇಬ್ಬರು ಪಾದ್ರಿಗಳು, ಒಬ್ಬ ರಬ್ಬಿ (ಯಹೂದಿ ಧರ್ಮಗುರು) ಓದಿ ಸರಿ ಅಂದಮೇಲೇ ಶೂಟಿಂಗ್. ಪರದೆ ಮೇಲಿನ ಗಂಡ ಹೆಂಡತಿ ನಿಜಕ್ಕೂ ಗಂಡ ಹೆಂಡತಿಯೇ, ಆದರೂ ಮಂಚ ಬೇರೆ ಬೇರೆ! ಇಷ್ಟೆಲ್ಲ ಮಡಿ ಮಾಡಿ, 1953ರ ಜನವರಿ 19ರಂದು ಮಗು ಹುಟ್ಟುವ ಕಂತು ಬಂದಾಗ 4.4 ಕೋಟಿ ಜನ ಕೂತು ನೋಡಿದರು. ಮರುದಿನ ಅಧ್ಯಕ್ಷ ಐಸೆನ್‌ಹೋವರ್ ಪ್ರಮಾಣವಚನಕ್ಕೆ ಸಿಕ್ಕಿದ್ದು 2.9 ಕೋಟಿ.

ಹಾಗಾಗಿ 'ಹಳೇ ಶೋಗಳೇ ಧೈರ್ಯವಾಗಿದ್ದವು, ಈಗಿನವು ಬರೀ ಭಾಷಣ' ಅಂತ ಯಾರಾದರೂ ಅಂದರೆ, ಯಾವ ಹಳೇದು ಸ್ವಾಮಿ ಅಂತ ಮೊದಲು ಕೇಳಬೇಕು. 1957ರ 'ಲೀವ್ ಇಟ್ ಟು ಬೀವರ್'ನಲ್ಲಿ ಇಬ್ಬರು ಹುಡುಗರು ಮೊಸಳೆ ಮರಿಯನ್ನು ಕಕ್ಕಸಿನ ನೀರಿನ ತೊಟ್ಟಿಯಲ್ಲಿ ಬಚ್ಚಿಡುತ್ತಾರೆ. ಕಕ್ಕಸು ತೋರಿಸೋದಾ ಅಂತ ಚಾನೆಲ್‌ನವರಿಗೆ ಗಾಬರಿ. ಕೊನೆಗೆ ಚೌಕಾಸಿ ಮಾಡಿ ತೊಟ್ಟಿ ಮಾತ್ರ ತೋರಿಸಿದರು.

ಧೈರ್ಯದ ಕಾಲ ಅಂತ ಒಂದಿದ್ದರೆ ಅದು 1971ರ ಜನವರಿ 12ರಂದು ಶುರುವಾಯಿತು. ಆವತ್ತು ಸಿಬಿಎಸ್ ಚಾನೆಲ್‌ನಲ್ಲಿ ನಿರ್ಮಾಪಕ ನಾರ್ಮನ್ ಲಿಯರ್ ಅವರ 'ಆಲ್ ಇನ್ ದ ಫ್ಯಾಮಿಲಿ' ಬಂತು. ಬ್ರಿಟನ್ನಿನ ಬಿಬಿಸಿ ಧಾರಾವಾಹಿಯೊಂದನ್ನು ಇಟ್ಟುಕೊಂಡು ಮಾಡಿದ್ದು. ಎಬಿಸಿ ಚಾನೆಲ್ ಎರಡು ಪೈಲಟ್ (ಮಾದರಿ ಕಂತು) ಮಾಡಿಸಿ ಎರಡನ್ನೂ ಬೇಡ ಅಂದಿತ್ತು. ಸಿಬಿಎಸ್‌ನವರಿಗೂ ಭಯವೇ: ಮೊದಲ ಕಂತಿಗೆ ಮುಂಚೆ ಎಚ್ಚರಿಕೆಯ ಮಾತು ಹಾಕಿದರು, ಬೈಗುಳದ ಫೋನ್ ಎತ್ತೋಕೆ ಹೆಚ್ಚು ಜನರನ್ನು ಕೂರಿಸಿದರು. ಫೋನು ಅಷ್ಟೇನೂ ಬರಲಿಲ್ಲ.

ಕಥೆ ಏನು? ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಒಂದು ಮನೆ. ಯಜಮಾನ ಆರ್ಚಿ ಬಂಕರ್. ಕರಿಯರು, ಯಹೂದಿಗಳು, ಹೆಂಗಸರು, ಸಲಿಂಗಿಗಳು, ಯಾರನ್ನೂ ಬಿಡದೆ ಆಡಿಕೊಳ್ಳುವ ಆಸಾಮಿ. ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗಾಗೆದ್ದು ಫಾರ್ವರ್ಡ್ ಹಾಕುವ ದೊಡ್ಡಪ್ಪನನ್ನು ನೆನೆಸಿಕೊಳ್ಳಿ, ಅವರೇ. ಅಳಿಯ ಮೈಕ್ ಎಡಪಂಥದ ಹುಡುಗ, ಇನ್ನೂ ಓದುತ್ತಿದ್ದಾನೆ, ಕೈಯಲ್ಲಿ ಕಾಸಿಲ್ಲ, ಆದ್ದರಿಂದ ಮನೆಅಳಿಯ. ಇಡೀ ಧಾರಾವಾಹಿಯ ಕೀಲು ಇರುವುದು ಇಲ್ಲೇ ಅಂತ ನನಗನ್ನಿಸುತ್ತದೆ. ಎಷ್ಟೇ ಕಿತ್ತಾಡಿದರೂ ರಾತ್ರಿ ಊಟ ಒಂದೇ ಟೇಬಲ್ಲಿನಲ್ಲಿ. ಬ್ಲಾಕ್ ಮಾಡಿ ಹೋಗುವ ಹಾಗಿಲ್ಲ. ಮುಂದಿನ ವಾರ ಆರ್ಚಿ ಬದಲಾಗಿರುವುದೂ ಇಲ್ಲ. ಮೊದಲ ಸೀಸನ್ನಿನಲ್ಲೇ ಒಂದು ಕಂತಿನಲ್ಲಿ, ಆರ್ಚಿ ಯಾವ ಹುಡುಗನನ್ನು ಸಲಿಂಗಿ ಅಂತ ಗೇಲಿ ಮಾಡುತ್ತಾನೋ ಅವನಲ್ಲ, ಆರ್ಚಿ ಮೆಚ್ಚುವ ಕಟ್ಟುಮಸ್ತಾದ ಮಾಜಿ ಫುಟ್‌ಬಾಲ್ ಆಟಗಾರನೇ ಸಲಿಂಗಿ ಅಂತ ಗೊತ್ತಾಗುತ್ತದೆ. ಅಧ್ಯಕ್ಷ ನಿಕ್ಸನ್ ಇದರ ಬಗ್ಗೆ ಶ್ವೇತಭವನದಲ್ಲಿ ಕೂತು ಗೊಣಗಿದ್ದು ಅವರದೇ ಟೇಪಿನಲ್ಲಿ ದಾಖಲಾಗಿದೆ.

ಐದು ವರ್ಷ ಸತತವಾಗಿ ದೇಶದ ನಂಬರ್ ಒನ್ ಶೋ ಇದು. ಆದರೆ ಜನ ನಕ್ಕಿದ್ದು ಯಾರನ್ನು ನೋಡಿ? 1974ರಲ್ಲಿ ವಿಡ್ಮಾರ್ ಮತ್ತು ರೋಕೀಚ್ ಎಂಬ ಸಂಶೋಧಕರು ಇದನ್ನೇ ಕೆದಕಿದರು. ಮೊದಲೇ ಪೂರ್ವಗ್ರಹ ಇದ್ದವರಿಗೆ ಆರ್ಚಿಯೇ ಹೀರೋ, ಜಗಳದಲ್ಲಿ ಗೆಲ್ಲುವವನೂ ಅವನೇ. ಲಿಯರ್ ಕನ್ನಡಿ ಹಿಡಿದಿದ್ದರು, ಕೆಲವರು ಅದರಲ್ಲಿ ನೋಡಿ ಮೀಸೆ ತಿರುವಿಕೊಂಡರು ಅಷ್ಟೆ.

ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಸಾಹಸ 'ಮಾಡ್'. ಅದೂ ಲಿಯರ್ ಅವರದೇ. 1972ರ ನವೆಂಬರ್‌ನಲ್ಲಿ ಎರಡು ಕಂತಿನ ಕಥೆ: 47 ವರ್ಷದ ಮಾಡ್, ವಿಚ್ಛೇದನವಾದ ಮಗಳಿರುವ ಹೆಂಗಸು, ಬಸುರಿಯಾಗುತ್ತಾಳೆ. ಗರ್ಭಪಾತ ಮಾಡಿಸಿಕೊಳ್ಳಬೇಕು ಅಂತ ನಿರ್ಧರಿಸುತ್ತಾಳೆ. ಅವಳಿರುವ ನ್ಯೂಯಾರ್ಕ್ ರಾಜ್ಯದಲ್ಲಿ 1970ರಿಂದಲೇ ಅದು ಕಾನೂನುಬದ್ಧ, ಆದರೆ ಗರ್ಭಪಾತದ ಹಕ್ಕು ಕೊಟ್ಟು 2022ರವರೆಗೆ ಇಡೀ ದೇಶಕ್ಕೆ ಅನ್ವಯಿಸುತ್ತಿದ್ದ 'ರೋ ವರ್ಸಸ್ ವೇಡ್' ತೀರ್ಪು ಬರೋಕೆ ಇನ್ನೂ ಎರಡು ತಿಂಗಳಿತ್ತು. ಕೊನೆಯಲ್ಲಿ ಗಂಡ ಹೆಂಡತಿ ಕೂತು ಮೆಲ್ಲಗೆ ಮಾತಾಡುತ್ತಾರೆ, ನಾವು ಮಾಡುತ್ತಿರುವುದು ಸರಿನಾ ಅಂತ. ನಮ್ಮ ಮಟ್ಟಿಗೆ ಸರಿ ಅನ್ನುವಲ್ಲಿಗೆ ಮುಗಿಯುತ್ತದೆ. ಸುಲಭದ ದಾರಿಯೊಂದಿತ್ತು, ಹೆಚ್ಚಿನ ಬರಹಗಾರರು ಹಿಡಿಯುವ ದಾರಿ: ತಾನಾಗೇ ಗರ್ಭ ಜಾರಿ ಹೋಗುವ ಹಾಗೆ ಬರೆದು ತಪ್ಪಿಸಿಕೊಳ್ಳೋದು. ಈ ಕಂತು ಬರೆದ ಸೂಸನ್ ಹ್ಯಾರಿಸ್ ಹಾಗೆ ಬರೆಯಲಿಲ್ಲ. ಮೊದಲ ಸಲ ಇಲಿನಾಯ್ ರಾಜ್ಯದ ಎರಡು ಸ್ಥಳೀಯ ಟಿವಿ ಸ್ಟೇಷನ್ ಮಾತ್ರ ಪ್ರಸಾರ ಮಾಡಲ್ಲ ಅಂದವು. ಮುಂದಿನ ಆಗಸ್ಟ್‌ನಲ್ಲಿ ಮರುಪ್ರಸಾರ ಮಾಡುವ ಹೊತ್ತಿಗೆ ವಿರೋಧಿಗಳು ಸಂಘಟಿತರಾಗಿದ್ದರು, ಸುಮಾರು 40 ಸ್ಟೇಷನ್ ಕೈ ಎತ್ತಿದವು, ಚಾನೆಲ್‌ಗೆ ಸಾವಿರಾರು ಪತ್ರ ಬಂದು ಬಿದ್ದವು.

ಆಮೇಲೆ ಲಗಾಮು ಬಂತು. 1975ರಲ್ಲಿ ರಾತ್ರಿ 8ರಿಂದ 9ರವರೆಗೆ 'ಫ್ಯಾಮಿಲಿ ಅವರ್', ಅಂದರೆ ಮಕ್ಕಳೊಂದಿಗೆ ಮನೆಮಂದಿಯೆಲ್ಲ ನೋಡುವ ಹೊತ್ತು ಅಂತ ಮಾಡಿ, ಆರ್ಚಿಯನ್ನು ಆ ಹೊತ್ತಿನಿಂದ ಆಚೆ ತಳ್ಳಿದರು. ಲಿಯರ್ ಮತ್ತು ಬರಹಗಾರರ ಸಂಘ ಕೋರ್ಟಿಗೆ ಹೋದವು, 1976ರಲ್ಲಿ ಗೆದ್ದವು. ಆದರೆ 80ರ ದಶಕ ಬರುತ್ತಿದ್ದ ಹಾಗೆ ಗಾಳಿ ಬದಲಾಗಿತ್ತು. ಆಗ ಬಂದಿದ್ದೇ 'ವೆರಿ ಸ್ಪೆಷಲ್ ಎಪಿಸೋಡ್'. ಇಡೀ ವರ್ಷ ನಗಿಸಿ, ಒಂದು ವಾರ ಮಾತ್ರ ಡ್ರಗ್ಸ್, ಕುಡಿತ, ಮಕ್ಕಳ ಮೇಲಿನ ದೌರ್ಜನ್ಯ. 1983ರಲ್ಲಿ 'ಡಿಫ್‌ರೆಂಟ್ ಸ್ಟ್ರೋಕ್ಸ್'ನಲ್ಲಿ ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಖುದ್ದಾಗಿ ಬಂದು ಮಕ್ಕಳಿಗೆ ಡ್ರಗ್ಸ್ ಬೇಡ ಅಂತ ಬುದ್ಧಿ ಹೇಳಿದರು. ಅದೇ ವರ್ಷ, ಅದೇ ಶೋನಲ್ಲಿ, ಸೈಕಲ್ ಅಂಗಡಿಯವನು ಹುಡುಗರನ್ನು ಪುಸಲಾಯಿಸುವ ಕಂತು ಬಂತು, ಅದು ಈಗ ನೋಡಿದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎಷ್ಟೋ ಮನೆಗಳಲ್ಲಿ ಆ ವಿಷಯ ಮಾತಿಗೆ ಬಂದಿದ್ದೇ ಆಗ ಇರಬೇಕು. ಹಾಗಾಗಿ ಸುಮ್ನೆ ಗೇಲಿ ಮಾಡೋಕೆ ಮನಸ್ಸು ಬರಲ್ಲ. ಆದರೂ ಅರ್ಧ ಗಂಟೆಯಲ್ಲಿ ಸಮಸ್ಯೆ ಬಂದು, ಅರ್ಧ ಗಂಟೆಯಲ್ಲೇ ಬಗೆಹರಿದು, ಮುಂದಿನ ವಾರ ಯಾರಿಗೂ ನೆನಪಿರುತ್ತಿರಲಿಲ್ಲ.

ಈಗಿನವರು ಗೆದ್ದಿರುವುದು ಇಲ್ಲೇ. ಹಳೇ ಶೋಗಳಲ್ಲಿ ನೋವು ಉಣ್ಣುವವರು ಹೆಚ್ಚಾಗಿ ಅತಿಥಿಗಳು. ಆರ್ಚಿ ಮನೆಗೆ ಬಂದುಹೋಗುತ್ತಿದ್ದ ಬೆವರ್ಲಿ ಲಸಾಲ್, ಗಂಡಾಗಿದ್ದು ಹೆಣ್ಣಿನ ವೇಷ ತೊಡುವ ಕಲಾವಿದೆ, ಮೂರು ಸಲ ಕಾಣಿಸಿಕೊಂಡಳು. ಮೂರನೇ ಸಲ ಕೊಲೆಯಾದಳು. ಅದೇ 2017ರಲ್ಲಿ ಲಿಯರ್ ಅವರ ಹಳೇ 'ಒನ್ ಡೇ ಅಟ್ ಎ ಟೈಮ್' ಕ್ಯೂಬಾ ಮೂಲದ ಕುಟುಂಬದ ಕಥೆಯಾಗಿ ನೆಟ್‌ಫ್ಲಿಕ್ಸ್‌ಗೆ ಬಂದಾಗ, ಸಲಿಂಗಿ ಹುಡುಗಿ ಎಲೆನಾ ಮನೆಮಗಳು. ತಾನು ಯಾರು ಅಂತ ಹೇಳಿಕೊಳ್ಳುತ್ತಾಳೆ, ಹದಿನೈದರ ಹುಟ್ಟುಹಬ್ಬದಲ್ಲಿ ಅಪ್ಪ ಜೊತೆಗೆ ಕುಣಿಯದೆ ಎದ್ದು ಹೋಗುತ್ತಾನೆ, ಮುಂದಿನ ಸೀಸನ್‌ಗಳಲ್ಲೂ ಆ ಗಾಯ ಹಸಿಯಾಗೇ ಇರುತ್ತದೆ. ಮೂರು ಸೀಸನ್ ಆದಮೇಲೆ ನೆಟ್‌ಫ್ಲಿಕ್ಸ್ ನಿಲ್ಲಿಸಿತು. ನೋಡುವವರು ಸಾಲದು ಅಂತ.

70ರ ದಶಕದಲ್ಲಿ ದೊಡ್ಡ ಚಾನೆಲ್ ಇದ್ದಿದ್ದೇ ಮೂರು. ಆರ್ಚಿಯನ್ನು ಪ್ರೀತಿಸುವವರು, ಮೈಕ್‌ನನ್ನು ಪ್ರೀತಿಸುವವರು ಒಂದೇ ಸೋಫಾ ಮೇಲೆ ಕೂತು, ಒಂದೇ ಜೋಕಿಗೆ ಬೇರೆ ಬೇರೆ ಕಾರಣಕ್ಕೆ ನಗುತ್ತಿದ್ದರು. ಈಗ ಮೊದಲೇ ಒಪ್ಪುವವರೇ ಹುಡುಕಿಕೊಂಡು ಹೋಗಿ ನೋಡುವುದು ಜಾಸ್ತಿ. ಎಬಿಸಿಯ 'ಬ್ಲ್ಯಾಕ್-ಇಶ್' 2016ರಲ್ಲಿ ಪೊಲೀಸ್ ದೌರ್ಜನ್ಯದ ಸುದ್ದಿಯನ್ನು ಮೂರು ತಲೆಮಾರಿನವರು ಮನೆಯಲ್ಲಿ ಕೂತು ನೋಡುತ್ತಾ ಜಗಳವಾಡುವ ಕಂತು ಮಾಡಿತು, ಅದು ಪಕ್ಕಾ ಲಿಯರ್ ಶೈಲಿ. ಆದರೆ 2018ರ ಫೆಬ್ರವರಿಯಲ್ಲಿ ಬರಬೇಕಿದ್ದ, ಗುಡುಗು ಮಳೆಯ ರಾತ್ರಿ ಅಪ್ಪ ಮಗುವಿಗೆ ದೇಶದ ರಾಜಕೀಯವನ್ನೇ ಕಥೆ ಮಾಡಿ ಹೇಳುವ ಕಂತನ್ನು ಅದೇ ಚಾನೆಲ್ ಎತ್ತಿಟ್ಟಿತು. 'ಮಾಡ್' ಬಂದಾಗ ಕನಿಷ್ಠ ಬೈದು ಪತ್ರ ಬರೆಯೋಕಾದರೂ ಜನರಿಗೆ ಅವಕಾಶವಿತ್ತು. ಇದಕ್ಕೆ ಅದೂ ಇರಲಿಲ್ಲ. 2020ರ ಆಗಸ್ಟ್‌ನಲ್ಲಿ ಅದು ಹುಲು ಆ್ಯಪಿಗೆ ಬಂತು. ಚಂದಾ ಕಟ್ಟಿದವರು, ಬೇಕು ಅನ್ನಿಸಿದವರು, ಹುಡುಕಿ ನೋಡಿದರು.