ಎತ್ತರದಲ್ಲಿ ಮೊದಲು ಕೈಕೊಡುವುದು ತೀರ್ಮಾನಶಕ್ತಿ

ಬೇಸಿಗೆ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಹುಡುಗರಿಗೆ ಲಡಾಖ್ ಹುಚ್ಚು ಹತ್ತುತ್ತದೆ. ಬೈಕ್ ಸರ್ವಿಸ್, ಜಾಕೆಟ್, ಬೂಟು, ಎಲ್ಲದರ ಮಾತೂ ಆಗುತ್ತದೆ. ಮೆದುಳಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ಹುಬ್ಬಳ್ಳಿ ಇರುವುದು ಸುಮಾರು 640 ಮೀಟರ್ ಎತ್ತರದಲ್ಲಿ. ಲಡಾಖ್‌ನ ಮುಖ್ಯ ಪಟ್ಟಣ ಲೇಹ್ 3,500 ಮೀಟರ್. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 21ರಷ್ಟೇ. ಆದರೆ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು ಮಾತ್ರ. ನಮ್ಮ ತೂಕದಲ್ಲಿ ಮೆದುಳಿನದು ಶೇ 2ರಷ್ಟಿದ್ದರೂ, ದೇಹ ಬಳಸುವ ಆಮ್ಲಜನಕದಲ್ಲಿ ಐದನೇ ಒಂದು ಪಾಲು ಅದಕ್ಕೇ ಹೋಗುತ್ತದೆ. ಕೂಡಿಟ್ಟುಕೊಳ್ಳಲು ಅದಕ್ಕೆ ಬರುವುದಿಲ್ಲ.

ಕೊರತೆಯಾದಾಗ ರೂಢಿಯ ಕೆಲಸ ಹೇಗೋ ನಡೆಯುತ್ತದೆ. ಗೇರ್ ಬದಲಿಸಬಹುದು, ಊರಿನ ಹೆಸರು ಹೇಳಬಹುದು. ಲೆಕ್ಕ ಮಾಡುವುದು, ಹೊಸದನ್ನು ನೆನಪಿಡುವುದು, 'ಈ ದಾರಿ ಇವತ್ತು ಬೇಡ' ಎಂದು ತೀರ್ಮಾನಿಸುವುದು ಇವು ಕುಂಟುತ್ತವೆ. ಕತ್ತಲಲ್ಲಿ ಕಣ್ಣು ಮಂಕಾಗುವುದಂತೂ ಲೇಹ್‌ಗಿಂತ ಕಡಿಮೆ ಎತ್ತರದಲ್ಲೇ ಶುರು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆ: ತಲೆ ಮಂಕಾಗಿರುವುದು ಆ ತಲೆಗೇ ಗೊತ್ತಾಗುವುದಿಲ್ಲ. 1875ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನ ಮೂವರು 'ಜೆನಿತ್' ಬಲೂನಿನಲ್ಲಿ 8,000 ಮೀಟರ್ ದಾಟಿ ಏರಿದರು. ಆಮ್ಲಜನಕದ ಚೀಲಗಳು ಪಕ್ಕದಲ್ಲೇ ಇದ್ದವು. ಇಬ್ಬರು ತೀರಿಕೊಂಡರು. ಬದುಕುಳಿದ ತಿಸ್ಸಾಂದಿಯೆ ಆಮೇಲೆ ಬರೆದಿಟ್ಟದ್ದೇನು ಗೊತ್ತಾ? ಆಗ ಯಾವ ನೋವೂ ಇರಲಿಲ್ಲ, ಒಳಗೊಳಗೇ ಖುಷಿಯಾಗುತ್ತಿತ್ತು. ಆಮ್ಲಜನಕದ ಕೊಳವೆ ಹಿಡಿಯಬೇಕೆನಿಸಿದಾಗ ಕೈಯೇ ಏಳಲಿಲ್ಲ.

ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಮ್ಮ ಕಡೆಯವರು ಮರೆತಿಲ್ಲ. 2016ರಲ್ಲಿ ಹಿಮಕುಸಿತಕ್ಕೆ ಸಿಕ್ಕಾಗ ಅವರಿದ್ದ ಸಿಯಾಚಿನ್ ಠಾಣೆಯ ಎತ್ತರ ಸುಮಾರು 19,600 ಅಡಿ. ಅಲ್ಲಿ ಆಮ್ಲಜನಕ ಅರ್ಧಕ್ಕಿಂತ ಕಡಿಮೆ. ಅಷ್ಟು ಗಟ್ಟಿ ದೇಹದ ಸೈನಿಕರನ್ನೂ ಸೇನೆ ಒಮ್ಮೆಲೇ ಮೇಲೆ ಕಳಿಸುವುದಿಲ್ಲ. ನಡುನಡುವೆ ದಿನಗಟ್ಟಲೆ ತಡೆದು, ದೇಹ ಹೊಂದಿಕೊಂಡ ಮೇಲೆ ಹತ್ತಿಸುತ್ತದೆ. ನಾವು ಮಾತ್ರ ವಿಮಾನ ಇಳಿದ ಮಾರನೇ ದಿನವೇ ಲೇಹ್‌ಗಿಂತಲೂ ಎತ್ತರದ ಬೆಟ್ಟದ ಹಾದಿ ಖರ್ದುಂಗ್ ಲಾ ಅಂತ ಹೊರಡುತ್ತೇವೆ!

ಲೇಹ್‌ನಲ್ಲಿ ಎರಡು ದಿನವಾದರೂ ಸುಮ್ನೆ ಇರಿ. ಗುಂಪಿನಲ್ಲಿ ಒಬ್ಬರನ್ನೊಬ್ಬರು ಪರೀಕ್ಷಿಸಿ. ನೆಲದ ಮೇಲೆ ನೇರ ಗೆರೆ ಎಳೆದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನಡೆಸಿ. ಗೆರೆ ಬಿಟ್ಟು ವಾಲಿದರೆ ಮೆದುಳು ಊದಿಕೊಳ್ಳುತ್ತಿರಬಹುದು. 'ಏ, ನಾ ಚಲೋ ಅದೀನಿ' ಅಂದರೆ ನಂಬಬೇಡಿ. ಆಮ್ಲಜನಕ ಸಿಕ್ಕರೆ ಕೊಡಿ, ಒಬ್ಬರನ್ನೇ ಬಿಡಬೇಡಿ. ನಡುರಾತ್ರಿಯಾದರೂ ಸರಿ, ಬೆಳಗಾಗಲಿ ಎಂದು ಕಾಯದೆ ಕೆಳಗೆ ಇಳಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.